ಮಾವನವರ ಆಡಿಟ್ಟು, ನನ್ನ ಡ್ರ್ಯಾಗನ್ನು

ನಿನ್ನೆ ರಾತ್ರಿ ಹತ್ತೂಕಾಲಕ್ಕೆ ಪಾತ್ರೆ ತೊಳೆದು, ಗ್ಯಾಸ್ ಕಟ್ಟೆ ಒರೆಸಿ, ಬೆಳಗಿನ ಇಡ್ಲಿ ಹಿಟ್ಟಿಗೆ ಉಪ್ಪು ಕಲಸಿ ಮುಚ್ಚಿಟ್ಟು, ಇವತ್ತಿಗೆ ಈ ಲೋಕದ ಋಣ ತೀರಿತು ಎಂದುಕೊಂಡು ಪುಸ್ತಕದ ಕಡೆ ತಿರುಗಿದೆ. ಅದು ಟೀಪಾಯಿಯ ಅಂಚಿಗೆ ಸರಿಯಾಗಿ, ಸ್ಕೇಲ್ ಹಿಡಿದು ಕೂರಿಸಿದ ಹಾಗೆ ಕೂತಿತ್ತು. ಅಷ್ಟು ನೀಟಾಗಿ ಕೂತಿದ್ದು ನೋಡಿಯೇ ಎದೆ ಧಸಕ್ ಅಂತು. ತೆರೆದೆ. ಎಂಟುನೂರು ಪುಟದ ಪುಸ್ತಕ. ಗುರುತಿಗೆ ಇಟ್ಟಿದ್ದ ಕರೆಂಟ್ ಬಿಲ್ಲು ಮಾಯ.

ನಾನೆಲ್ಲಿದ್ದೆ? ನಾಯಕ ಒಂದು ಛತ್ರದಲ್ಲಿ ಕೂತು ಬಿಸಿಬಿಸಿ ಊಟ ಮಾಡುತ್ತಿದ್ದ, ಹೊರಗೆ ಮಳೆ, ಮೂಲೆಯಲ್ಲಿ ಒಬ್ಬ ಮುಸುಕು ಹಾಕಿಕೊಂಡು ಕೂತಿದ್ದ. ಇಷ್ಟು ನೆನಪಿತ್ತು. ಇಷ್ಟು ಸಾಕಲ್ಲ ಎಂದು ಹುಡುಕತೊಡಗಿದೆ. 160ನೇ ಪುಟದ ಹತ್ತಿರ ಛತ್ರ, ಊಟ, ಮುಸುಕು. 290ರ ಹತ್ತಿರ ಬೇರೆ ಛತ್ರ, ಅದೇ ಊಟ. 410 ದಾಟಿದ ಮೇಲೆ ಇನ್ನೊಂದು ಛತ್ರ, ಈ ಸಲ ಅನುಮಾನದ ಮನುಷ್ಯ ಇನ್ನೊಂದು ಮೂಲೆಯಲ್ಲಿ. ಡ್ರ್ಯಾಗನ್ನು, ಮಂತ್ರವಾದಿಗಳಿರುವ ಈ ಫ್ಯಾಂಟಸಿ ಜಾತಿಯ ಪುಸ್ತಕಗಳಲ್ಲಿ ಜನ ಲೋಕ ಉಳಿಸಲು ಹೊರಟಿರುತ್ತಾರೆ, ನಿಜ. ಆದರೆ ಒಂದು ಹೊತ್ತಿನ ಊಟವನ್ನೂ ಬಿಡುವುದಿಲ್ಲ. ಹನ್ನೊಂದು ಗಂಟೆಯವರೆಗೆ ಛತ್ರದಿಂದ ಛತ್ರಕ್ಕೆ ಅಲೆದು, ಒಂದು ಸಾಲೂ ಹೊಸದಾಗಿ ಓದದೆ ದೀಪ ಆರಿಸಿದೆ.

ಇದರ ಮೇಲೆ ಸಂಜೆಯ ಟ್ಯಾಂಕಿನ ಉರಿ ಬೇರೆ. ನಮ್ಮ ಬೀದಿಗೆ ಕಾವೇರಿ ದಿನ ಬಿಟ್ಟು ದಿನ ಬರುತ್ತಾಳೆ. ನಿನ್ನೆ ಬರುವ ದಿನ. ಸಂಪು ತುಂಬಿತ್ತು. ಮೋಟಾರ್ ಹಾಕಿ, ಚಪ್ಪಲಿ ಮೆಟ್ಟಿಕೊಳ್ಳುತ್ತಲೇ "ಮಾವ, ಮೋಟಾರ್ ಹಾಕಿದೀನಿ, ಇಪ್ಪತ್ತು ನಿಮಿಷಕ್ಕೆ ಆಫ್ ಮಾಡಿ" ಎಂದು ಹೇಳಿ ಸೊಪ್ಪು ತರಲು ಹೋದೆ. ಬರುವಷ್ಟರಲ್ಲಿ ನಮ್ಮ ತಾರಸಿಯಿಂದ ಜೋಗ ಬೀಳುತ್ತಿತ್ತು, ರಾಜ ರಾಣಿ ಎರಡೂ ಧಾರೆ. ಬೀಳುತ್ತಿದ್ದದ್ದು ಕೆಳಗಿನ ಮನೆಗೆ ಬಾಡಿಗೆಗಿರುವ ಹುಡುಗನ ಬಿಳಿ ಕಾರಿನ ಮೇಲೆ, ಅವನು ಆಗ ತಾನೇ ಒರೆಸಿ ಮುಗಿಸಿದ್ದ. ಪಾಪ, ಒಳ್ಳೆಯ ಹುಡುಗ, ಜಗಳ ಆಡಲಿಲ್ಲ. ವಾಟ್ಸಾಪಿಗೆ 14 ಸೆಕೆಂಡಿನ ವಿಡಿಯೋ ಕಳಿಸಿ, ಕೆಳಗೆ ಕೈಮುಗಿಯುವ ಗುರುತೊಂದನ್ನು ಹಾಕಿದ. ಬೈದಿದ್ದರೆ ವಾಸಿಯಿತ್ತು.

ಮನೆಯಲ್ಲಿ ವಿಚಾರಣೆಯೇ ನಡೆಯಲಿಲ್ಲ. ಒಂದು ವರ್ಷದಲ್ಲಿ ಮೂರು ಸಲ ಟ್ಯಾಂಕ್ ಉಕ್ಕಿಸಿದ ಕೀರ್ತಿ ನನ್ನ ಹೆಸರಿನಲ್ಲಿದೆ, ಮೂರು ಸಲವೂ ಕೈಯಲ್ಲಿ ಪುಸ್ತಕವಿತ್ತು. ನಮ್ಮನೆಯವರು "ಮತ್ತೆ ಡ್ರ್ಯಾಗನ್ನಾ?" ಅಂದರು, ಅಷ್ಟೇ. ಮಾವನವರಿಗೆ ಹೇಳಿ ಹೋಗಿದ್ದೆನೋ, ಹೇಳಿದೆ ಅಂದುಕೊಂಡೆನೋ ಎಂದು ನನಗೇ ಅನುಮಾನ ಶುರುವಾಯಿತು. ಮಾವನವರು ಒಂಟಿಕೊಪ್ಪಲ್ ಪಂಚಾಂಗದೊಳಗೆ ಮುಖ ಹುದುಗಿಸಿ ಕೂತಿದ್ದರು. ತೆಪ್ಪಗೆ ಕೆಳಗಿಳಿದು ಹೋಗಿ ಕ್ಷಮೆ ಕೇಳಿಕೊಂಡು, ಅರ್ಧ ಕಟ್ಟು ಮೆಂತ್ಯ ಸೊಪ್ಪು ಕೊಟ್ಟು ಬಂದೆ.

ಅದಕ್ಕೇ ಈ ಭಾನುವಾರ ಬೆಳಿಗ್ಗೆ, ಮಾವನವರು ರಾಮಾಂಜನೇಯ ಗುಡ್ಡದ ಕಡೆ ವಾಕಿಂಗ್ ಹೋಗಿರುವ ಸಮಯ ನೋಡಿ, ಸಿಟ್ಟು ಆರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಾವನವರಿಗೆ 81. ಏಜೀಸ್ ಆಫೀಸಿನಲ್ಲಿ ಆಡಿಟ್ ಮಾಡಿ ಮಾಡಿ ನಿವೃತ್ತರಾದವರು. ನಿವೃತ್ತಿ ಆಫೀಸಿನಿಂದ, ಆಡಿಟ್ಟಿನಿಂದಲ್ಲ. ಮನೆಗೆ ಬರುವ ಯಾವ ಚೀಟಿಯೂ ಅವರ ಕಣ್ಣು ತಪ್ಪಿಸಿ ಕಸದ ಬುಟ್ಟಿ ಸೇರಲಾರದು. ಗ್ಯಾಸ್ ರಸೀದಿಗೊಂದು ಫೈಲು, ನೀರಿಗೊಂದು, ಔಷಧಿ ಅಂಗಡಿಗೊಂದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗೆ ಬರುವುದು ಸೊನ್ನೆ ಬಿಲ್ಲು. ಕಟ್ಟುವ ದುಡ್ಡೇ ಇಲ್ಲದ ಆ ಸೊನ್ನೆಯನ್ನೂ ದಾರ ಪೋಣಿಸಿ ಫೈಲಿಗೆ ಸೇರಿಸುತ್ತಾರೆ. ಕೇಳಿದರೆ "ಸೊನ್ನೆಗೂ ಓಚರ್ ಬೇಕಮ್ಮಾ" ಎನ್ನುತ್ತಾರೆ.

ನನ್ನ ಅಭ್ಯಾಸವೋ ಇದಕ್ಕೆ ತದ್ವಿರುದ್ಧ. ಓದುತ್ತಾ ಕೂತಾಗ ಕುಕ್ಕರ್ ಕೂಗಿದರೆ ಕೈಗೆ ಸಿಕ್ಕಿದ್ದನ್ನು ಪುಟದ ನಡುವೆ ತುರುಕಿ ಓಡುವವಳು ನಾನು. ಸಿಗುವುದು ಬಿಲ್ಲುಗಳೇ. ಮೀಟರ್ ನೋಡುವವನು ಬಂದು ಆ ಉದ್ದನೆಯ ಚೀಟಿ ಹರಿದು ಕೈಗೆ ಕೊಡುವಾಗ ಇನ್ನೊಂದು ಕೈಯಲ್ಲಿ ಪುಸ್ತಕವಿರುತ್ತದೆ. ಚೀಟಿ ಸೀದಾ ಪುಸ್ತಕದೊಳಕ್ಕೆ. ಎರಡು ದಿನ, ಹೆಚ್ಚೆಂದರೆ ಮೂರು ದಿನ. ಮಾವನವರ ಗಸ್ತು ಬರುತ್ತದೆ, ಬಿಲ್ಲು ಫೈಲಿಗೆ ಹೋಗುತ್ತದೆ, ಪುಸ್ತಕ ಟೀಪಾಯಿಯ ಅಂಚಿಗೆ ನೇರವಾಗಿ ನಿಲ್ಲುತ್ತದೆ, ನಾನು ಕಾಡುಪಾಲು.

ಪುಟದ ಮೂಲೆ ಮಡಿಸಿ ನೋಡಿದೆ. "ಪುಸ್ತಕದ ಕಿವಿ ಹಿಂಡಬಾರದು" ಎಂದು ಬಿಡಿಸಿ, ಮಡಿಕೆಯ ಗೆರೆ ಹೋಗಲಿ ಅಂತ ಮೇಲೆ ಅಮರಕೋಶ ಹೇರಿದರು. ಮಗಳು ಡ್ರ್ಯಾಗನ್ ಚಿತ್ರ, ಕೆಂಪು ಕುಚ್ಚು ಇರುವ ಚೆಂದದ ಬುಕ್‌ಮಾರ್ಕ್ ತಂದುಕೊಟ್ಟಳು. ಒಂದೇ ವಾರ. ಈಗ ಅದು ಪಂಚಾಂಗದಲ್ಲಿದೆ. ಪ್ರತಿದಿನ ಬೆಳಿಗ್ಗೆ ಸಂಕಲ್ಪದ ಹೊತ್ತಿಗೆ ತಿಥಿ ವಾರ ನಕ್ಷತ್ರಗಳ ನಡುವಿನಿಂದ ಡ್ರ್ಯಾಗನ್ನು ನಾಲಿಗೆ ಚಾಚುತ್ತದೆ.

ಇಷ್ಟಕ್ಕೂ ಈ ಗೀಳು ಶುರುವಾಗಿದ್ದು ಹೋದ ವರ್ಷ ಆಗಸ್ಟಿನಲ್ಲಿ, ಮಗಳು ಪುಟ್ಟಿ ಹಾಸ್ಟೆಲಿಗೆ ಹೋದ ಮೇಲೆ. ಅವಳ ರೂಮು ಗುಡಿಸಲು ಹೋದವಳು ಶೆಲ್ಫಿನ ಧೂಳು ಒರೆಸುತ್ತಾ ಒಂದು ಪುಸ್ತಕ ತೆಗೆದೆ, ಮಂಚದ ಅಂಚಿನಲ್ಲಿ ಕೂತೆ, ಪೊರಕೆ ಕೈಯಲ್ಲೇ ಇತ್ತು. ಮೂರು ಗಂಟೆಗೆ ಕೂತವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಆಕ್ಸ್‌ಫರ್ಡಿನ ಮೇಷ್ಟ್ರು ಟೋಲ್ಕೀನ್ 1937ರಲ್ಲಿ ಬರೆದ 'ಹಾಬಿಟ್'. ಮೊದಲ ಅಧ್ಯಾಯದಲ್ಲಿ, ತನ್ನ ಪಾಡಿಗೆ ತಾನಿದ್ದ ಬಿಲ್ಬೋ ಎಂಬ ಸಂಸಾರವಂದಿಗ ಸ್ವಭಾವದ ಬ್ರಹ್ಮಚಾರಿಯ ಮನೆಗೆ 13 ಜನ ಕುಳ್ಳರು ಹೇಳದೆ ಕೇಳದೆ ಟೀಗೆ ಬಂದಿಳಿಯುತ್ತಾರೆ. ಒಬ್ಬರಾದ ಮೇಲೊಬ್ಬರು, ಬೆಲ್ಲು ಮಾಡಿ ಮಾಡಿ. ಒಬ್ಬನಿಗೆ ಇದು ಬೇಕು, ಇನ್ನೊಬ್ಬನಿಗೆ ಅದು. ಅಡುಗೆಮನೆಯ ಡಬ್ಬಗಳೆಲ್ಲ ಖಾಲಿ. ಇದನ್ನು ಯಾಕೆ ಫ್ಯಾಂಟಸಿ ಅನ್ನುತ್ತಾರೆ ಅಂತ ನನಗೆ ಅರ್ಥವಾಗಲಿಲ್ಲ. ಮೇ ತಿಂಗಳಲ್ಲಿ ನಮ್ಮ ಮನೆಗೆ ಬಂದು ನೋಡಬೇಕು. ಆಮೇಲೆ ಅವರ ನಾಯಕನೊಬ್ಬನನ್ನು ಬಿಟ್ಟು ಮಿಕ್ಕ 12 ಜನ ಹಾಡು ಹೇಳಿಕೊಂಡು ಪಾತ್ರೆಯನ್ನೆಲ್ಲ ತಾವೇ ತೊಳೆದು, ಒರೆಸಿ, ಜೋಡಿಸಿಟ್ಟರು. ಆಗ ಗೊತ್ತಾಯಿತು, ಫ್ಯಾಂಟಸಿ ಶುರುವಾಗುವುದು ಇಲ್ಲಿಂದ.

ಇನ್ನೊಂದು ವಿಷಯ ನನ್ನನ್ನು ಹಿಡಿದು ಕೂರಿಸಿತು. ಆ ಬಿಲ್ಬೋಗೆ ಆಗ ಹೆಚ್ಚುಕಡಿಮೆ 50. ಅದರ ಮುಂದಿನ ಕಥೆಯಾದ 'ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಬಿಲ್ಬೋನ ನೆಂಟ ಫ್ರೋಡೋ ಮಾಯದ ಉಂಗುರ ಹಿಡಿದು ಮನೆ ಬಿಟ್ಟಾಗ ಅವನಿಗೂ 50. ಸಿನಿಮಾದಲ್ಲಿ ಮೀಸೆ ಬಾರದ ಹುಡುಗನನ್ನು ಹಾಕಿದ್ದರಿಂದ ಯಾರಿಗೂ ಇದು ಗೊತ್ತಾಗುವುದಿಲ್ಲ. ನನಗೆ 49. ಹೊರಡಲು ಇನ್ನೂ ಒಂದು ವರ್ಷ ಟೈಮಿದೆ ಎಂದು ನಮ್ಮನೆಯವರಿಗೆ ಹೇಳಿದೆ. "ಹೋಗ್ತಾ ಹಸಿ ಕಸ ತಗೊಂಡು ಹೋಗು, ಆಟೋ ಬಂದಿದೆ" ಅಂದರು.

ಹೀಗೆ ಹತ್ತಿದ ಹುಚ್ಚು. ಹಾಲು ಉಕ್ಕಿತು, ಸಾರು ತಳ ಹಿಡಿಯಿತು, ಬೇಳೆ ಕರಗಿ ನೀರಾಯಿತು. ಆಫೀಸಿಗೆಂದು ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೋ ಹತ್ತಿದವಳು ರಾಜಾಜಿನಗರದಲ್ಲಿ ಇಳಿಯಬೇಕು. ಗುಹೆಯಲ್ಲಿ ಜೇಡ ಅಟ್ಟಿಸಿಕೊಂಡು ಬಂದ ದಿನ ತಲೆ ಎತ್ತಿ ನೋಡಿದರೆ ಗೊರಗುಂಟೆಪಾಳ್ಯ. ಅಷ್ಟರಲ್ಲಿ ಮಹಾಲಕ್ಷ್ಮಿ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಯಶವಂತಪುರ ಮೂರೂ ಹೋಗಿದ್ದವು. ಮೂರರ ಹೆಸರನ್ನೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಕೂಗಿ ಹೇಳಿರುತ್ತಾರೆ. ನನ್ನ ಕಿವಿಗೆ ಬಿದ್ದದ್ದು ಜೇಡನ ಕಾಲ ಸಪ್ಪಳ ಮಾತ್ರ.

ಕಡಲೆಕಾಯಿ ಪರಿಷೆಯ ಹೊತ್ತಿಗೆ ಸಾರು ಮೂರನೇ ಸಲ ತಳ ಹಿಡಿಯಿತು. ಅವತ್ತು ಊಟ ಮುಗಿಸಿ ಕೈತೊಳೆದು ಬಂದ ಮಾವನವರು, "ಸಾರು ಸೀಯುವಂಥದ್ದು ಅದರಲ್ಲಿ ಏನಿದೆ ಅಂತ ನೋಡಬೇಕಲ್ಲಮ್ಮಾ" ಎಂದು ಕನ್ನಡಕ ಒರೆಸಿಕೊಂಡರು. ಓದಲು ಅಂತ ಅಲ್ಲ, ತನಿಖೆಗೆ. ಎಡಗೈಯಲ್ಲಿ ಕಡಲೆಕಾಯಿ, ಬಲಗೈಯಲ್ಲಿ ಪೆನ್ಸಿಲ್.

ಮೊದಲಿಗೆ 'ಲಾರ್ಡ್ ಆಫ್ ದಿ ರಿಂಗ್ಸ್'ನ ಮೂರನೆಯ ಸಂಪುಟದ ಕೊನೆಯಲ್ಲಿರುವ ಅನುಬಂಧ ಓದಿದರು. ಕಥೆ ಓದುವವರು ಯಾರಾದರೂ ಅನುಬಂಧದಿಂದ ಶುರು ಮಾಡುತ್ತಾರೆಯೇ? "ಷೆಡ್ಯೂಲ್ ನೋಡದೆ ಅಕೌಂಟ್ಸ್ ನೋಡಬಾರದು" ಅಂದರು. ವಂಶಾವಳಿ, ಇಸವಿ, ತಾರೀಖು, ಪಂಚಾಂಗ ಎಲ್ಲ ಅಲ್ಲಿದೆ. ಬಿಲ್ಬೋ, ಫ್ರೋಡೋ ಇವರ ಜಾತಿಯಾದ ಹಾಬಿಟ್‌ಗಳ ಕ್ಯಾಲೆಂಡರಿನಲ್ಲಿ ಹನ್ನೆರಡು ತಿಂಗಳಿಗೂ 30 ದಿನ, ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದ ಹಬ್ಬದ ದಿನಗಳು ಎಂಬುದನ್ನು ನೋಡಿ ಮಾವನವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಎಲ್ಲ ತಿಂಗಳೂ 30! ಸಂಬಳದ ಬಿಲ್ ಮಾಡೋದು ಎಷ್ಟು ಸಲೀಸು! ಈ ಮನುಷ್ಯ ಮೇಷ್ಟ್ರಲ್ಲ ಕಣಮ್ಮ, ಒಳ್ಳೇ ಆಡಿಟರ್ ಆಗ್ತಿದ್ದ."

ಆ ಗೌರವ ಹತ್ತು ದಿನ ಬಾಳಿತು. ಒಂದು ರಾತ್ರಿ ಊಟಕ್ಕೆ ಕೂತಾಗ ತಟ್ಟೆ ಮುಂದೆ ಪುಸ್ತಕ ಇಟ್ಟುಕೊಂಡೇ ಬಂದರು.

"ಉಂಗುರ ಅಪಾಯದ್ದು ಅಂತ ಆ ಗಡ್ಡದ ಮಂತ್ರವಾದಿ ಮುದುಕನಿಗೆ ಅನುಮಾನ ಬಂತು, ಸರಿ. ಆ ಫ್ರೋಡೋ ಹತ್ತಿರ ಬಿಟ್ಟು ಹೋದ, ಸರಿ. ಆಮೇಲೆ ಹೊರಡು ಅಂತ ಬಂದು ಹೇಳಿದ್ದು ಯಾವಾಗ ಗೊತ್ತಾ?"

ನನಗೆ ಗೊತ್ತಿತ್ತು. ಆದರೂ "ಯಾವಾಗ ಮಾವ?" ಅಂದೆ.

"17 ವರ್ಷ! 17 ವರ್ಷ ಆ ಫೈಲು ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ಹೋಗಿಲ್ಲ. ನಮ್ಮಲ್ಲಿ ಮೂರು ತಿಂಗಳಾದ್ರೆ ಮೆಮೋ ಕೊಡ್ತಿದ್ವಿ."

ಅಲ್ಲಿಂದ ಊಟದ ಮನೆ ಆಡಿಟ್ ಹಾಲ್ ಆಯಿತು. ಎಲ್ವ್‌ಗಳೆಂಬ ಕಿನ್ನರರು ಕೊಡುವ ಲೆಂಬಾಸ್ ಎನ್ನುವ ರೊಟ್ಟಿ ಒಂದು ತಿಂದರೆ ಇಡೀ ದಿನ ನಡೆಯಬಹುದು ಎಂಬುದನ್ನು ಓದಿ, "ಮುದ್ದೆ" ಎಂದು ಮಾರ್ಜಿನ್ನಿನಲ್ಲಿ ಬರೆದು ಮುಂದಕ್ಕೆ ಹೋದರು. ಅದರಲ್ಲಿ ಅವರಿಗೆ ಆಶ್ಚರ್ಯವೇನೂ ಕಾಣಲಿಲ್ಲ. ಆದರೆ ಕುದುರೆಗಳ ವಿಷಯಕ್ಕೆ ಬಂದಾಗ ನಾಲ್ಕು ದಿನ ನನ್ನ ಪುಸ್ತಕ ನನಗೆ ಸಿಗಲಿಲ್ಲ. ರೋಹನ್ ಎಂಬ ರಾಜ್ಯದ ದೊರೆ 6,000 ಸವಾರರನ್ನು ಕಟ್ಟಿಕೊಂಡು ಮಿತ್ರರಾಜ್ಯದ ನೆರವಿಗೆ ಧಾವಿಸುವ ಪ್ರಸಂಗ. ಓದುವಾಗ ನನಗೆ ಮೈ ಜುಮ್ಮೆಂದಿತ್ತು, ಬೆಳಗಿನ ಜಾವ ಕಹಳೆ ಊದಿದ ಕಡೆ ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದೆ. ಮಾವನವರು ಹಳೆಯ ಕವರಿನ ಹಿಂದೆ ಲೆಕ್ಕ ಹಾಕಿದರು.

"ಒಂದು ಕುದುರೆಗೆ ದಿನಕ್ಕೆ ಹತ್ತು ಕೆ.ಜಿ. ಮೇವು. ಕಮ್ಮಿಯೇ ಹಿಡಿದಿದೀನಿ. 6,000 ಕುದುರೆಗೆ 60 ಟನ್. ದಿನಕ್ಕೆ ಆರು ಲಾರಿ ಹುಲ್ಲು! ಕುದುರೆ ಮೇವಿನ ಬಿಲ್ಲು ನೋಡಿದವನು ನಾನು, ನನಗೆ ಹೇಳ್ತಾನಾ? ಹುಲ್ಲು ಯಾರು ಸಪ್ಲೈ ಮಾಡಿದ್ರು? ಟೆಂಡರ್ ಕರೆದ್ರಾ?"

"ಮಾವ, ದಾರೀಲಿ ಮೇಯ್ತಿರ್ತವೆ ಬಿಡಿ."

"6,000 ಕುದುರೆ ಮೇಯ್ದ ಮೇಲೆ ಹಿಂದಿನಿಂದ ಬರೋ ಜನದ ದನಕ್ಕೇನು ಗತಿ? ಅದು ಯಾವ ಪುಟದಲ್ಲಿದೆ ತೋರಿಸು."

ತೋರಿಸಲು ಆಗಲಿಲ್ಲ. ನಮ್ಮನೆಯವರು ಮಜ್ಜಿಗೆ ಅನ್ನ ಕಲಸುತ್ತಾ ಪ್ರಾಣ ಹೋಗುವ ಹಾಗೆ ನಗುತ್ತಿದ್ದರು. ನನಗೆ ಮಾತ್ರ ನಿಜವಾಗಿ ಸಿಟ್ಟು ಬಂತು. ಇಡೀ ದಿನದಲ್ಲಿ ಅರ್ಧ ಗಂಟೆ ಒಂದು ಕುದುರೆ ಏರಿ ಹೋಗೋಣ ಅಂದರೆ ಅದಕ್ಕೂ ಹುಲ್ಲಿನ ಲೆಕ್ಕ ಕೊಡಬೇಕೆ? ಆಮೇಲಿಂದ ಆ ಭಾಗ ಓದುವಾಗಲೆಲ್ಲ ಕಹಳೆಯ ಹಿಂದೆ ಆರು ಲಾರಿಗಳು ರಿವರ್ಸ್ ತೆಗೆದುಕೊಳ್ಳುವ ಸದ್ದು ನನಗೆ ಕೇಳಿಸುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗೆ ಹೊರಟಾಗ "ನಾನೂ ಬರ್ತೀನಿ" ಅಂದರು. ಅಂಗಡಿಯಲ್ಲಿ ನಾನು ಹಿಂಬದಿಯ ಸಾರಾಂಶ ಓದಿ ಪುಸ್ತಕ ಆರಿಸುತ್ತಿದ್ದರೆ ಅವರು ಕೊನೆಯ ಪುಟದ ಸಂಖ್ಯೆ ನೋಡಿ ಆರಿಸುತ್ತಿದ್ದರು. "350 ರೂಪಾಯಿ, 800 ಪುಟ. ಪುಟಕ್ಕೆ 44 ಪೈಸೆನೂ ಬೀಳಲ್ಲ. ತಗೋ." ಸಣ್ಣ ಪುಸ್ತಕಗಳ ಮೇಲೆ ಅವರಿಗೆ ವಿಶ್ವಾಸವಿಲ್ಲ. ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ಅರ್ಥ್‌ಸೀ ಕಥೆಯನ್ನು ನಾನು ಹಟ ಮಾಡಿ ಕೊಂಡೆ. ಇನ್ನೂರು ಪುಟವೂ ಇಲ್ಲವಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದರು.

ಆ ಪುಟ್ಟ ಪುಸ್ತಕವೇ ನನಗೆ ಎಲ್ಲಕ್ಕಿಂತ ಹತ್ತಿರವಾಯಿತು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ನಿಜವಾದ ಹೆಸರು. ಅದನ್ನು ಬಲ್ಲವನ ಕೈಯಲ್ಲಿ ನಿಮ್ಮ ಜುಟ್ಟು, ಹಾಗಾಗಿ ಯಾರೂ ಬಾಯಿ ಬಿಡುವುದಿಲ್ಲ. ಓದಿದವರು ಎಂಥ ಕಲ್ಪನೆ ಅನ್ನುತ್ತಾರೆ. ನಮ್ಮಮ್ಮ ಜೀವಮಾನದಲ್ಲಿ ಅಪ್ಪನ ಹೆಸರು ಹೇಳಲಿಲ್ಲ. ಜನಗಣತಿಯವರು ಬಂದು ಯಜಮಾನರ ಹೆಸರು ಕೇಳಿದರೆ, "ಅದೇ, ಮೇಲುಕೋಟೆ ಬೆಟ್ಟದ ಮೇಲೆ ಯೋಗಪಟ್ಟಿ ಕಟ್ಟಿಕೊಂಡು ಕೂತಿಲ್ವೇ..." ಎಂದು ನಾಚಿಕೊಂಡು ಒಳಗೆ ಹೋಗುತ್ತಿದ್ದಳು. ಗಣತಿಯವರು ದೇವಸ್ಥಾನ ಹುಡುಕಬೇಕಿತ್ತು, ಇಲ್ಲವೇ ನಾನು ಬಂದು "ನರಸಿಂಹ" ಅನ್ನಬೇಕಿತ್ತು. ಮಂತ್ರ ಹೇಳಿದವಳು ನಾನು ಎಂದು ಆಗ ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ಟೆರ್ರಿ ಪ್ರಾಚೆಟ್ ಬಂದ. 'ಡಿಸ್ಕ್‌ವರ್ಲ್ಡ್' ಮಾಲೆ, ಒಟ್ಟು 41 ಕಾದಂಬರಿ. ಮೊದಲನೆಯದು 1983ರದು. ತಟ್ಟೆಯಂಥ ಭೂಮಿಯನ್ನು ನಾಲ್ಕು ಆನೆಗಳು ಹೊತ್ತಿವೆ, ಆನೆಗಳು ಒಂದು ದೊಡ್ಡ ಆಮೆಯ ಬೆನ್ನ ಮೇಲೆ ನಿಂತಿವೆ. ನಾನು ನಗುತ್ತಾ ಓದುತ್ತಿದ್ದೆ, ಮಾವನವರು ನಗಲಿಲ್ಲ.

"ಇದು ನಮ್ಮದಲ್ವೇನಮ್ಮಾ? ಕೂರ್ಮ, ದಿಗ್ಗಜ."

"ಹೌದು ಮಾವ, ಅಲ್ಲಿಂದಲೇ ತಗೊಂಡಿರೋದು."

"ತಗೊಳ್ಳಲಿ, ಬೇಡ ಅನ್ನಲ್ಲ. ನಮ್ಮಲ್ಲಿ ಅಷ್ಟದಿಗ್ಗಜ. ಇಲ್ಲಿ ನಾಲ್ಕೇ ತೋರಿಸಿದಾನೆ. ಇನ್ನು ನಾಲ್ಕು ಎಲ್ಲಿ?"

ಯಾವುದೋ ಒಂದು ಕಾದಂಬರಿಯಲ್ಲಿ, 1999ರದು ಅದು, ಹಿಂದೊಂದು ಕಾಲಕ್ಕೆ ಐದನೆಯ ಆನೆ ಇತ್ತು, ಕಾಲು ಜಾರಿ ಭೂಮಿಯ ಮೇಲೆ ಬಿತ್ತು ಎಂಬ ಐತಿಹ್ಯ ಬರುತ್ತದೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಮಾವನವರು ತೊಡೆ ತಟ್ಟಿಕೊಂಡರು. "ನೋಡಿದ್ಯಾ! ಶಾರ್ಟೇಜ್ ಒಪ್ಪಿಕೊಂಡ್ರು. ಇನ್ನು ಮೂರು ಆನೆ ಲೆಕ್ಕ ಕೊಡಬೇಕು." ಅವತ್ತು ರಾತ್ರಿ ಅವರಿಗೆ ಒಳ್ಳೆಯ ನಿದ್ದೆ ಬಂತು.

'ಗೇಮ್ ಆಫ್ ಥ್ರೋನ್ಸ್' ಬರೆದ ಜಾರ್ಜ್ ಮಾರ್ಟಿನ್ ವಿಷಯದಲ್ಲಿ ಮಾತ್ರ ಮಾತುಕತೆ ಬೇರೆ ದಾರಿ ಹಿಡಿಯಿತು. ಮೊದಲ ಪುಸ್ತಕ 1996, ಐದನೆಯದು 2011, ಆರನೆಯದಕ್ಕೆ ಲೋಕವೆಲ್ಲ ಇನ್ನೂ ಕಾಯುತ್ತಿದೆ ಎಂದೆ. ಮಾವನವರು ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ ವಾಪಸ್ ಕೊಟ್ಟರು. "2011ರಿಂದ ಪೆಂಡಿಂಗು. ನನಗೆ 81. ಬೇಡ ಬಿಡು, ಮುಗಿದಿರೋದು ಯಾವುದಾದ್ರೂ ಕೊಡು."

ಹಾಗಾಗಿ ಈಗ ಓದುತ್ತಿರುವುದು ರಾಬರ್ಟ್ ಜೋರ್ಡನ್ನನ 'ವೀಲ್ ಆಫ್ ಟೈಮ್'. 14 ಸಂಪುಟ. 1990ರಲ್ಲಿ ಶುರು. ಜೋರ್ಡನ್ 2007ರಲ್ಲಿ ತೀರಿಕೊಂಡ. ಆದರೆ ಮುಂದಿನ ಕಥೆಗೆ ಟಿಪ್ಪಣಿಗಳನ್ನು ಬರೆದಿಟ್ಟಿದ್ದ. ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಇನ್ನೊಬ್ಬ ಲೇಖಕ ಕೊನೆಯ ಮೂರು ಸಂಪುಟ ಬರೆದು 2013ಕ್ಕೆ ಮುಗಿಸಿದ. ಇದನ್ನು ಕೇಳಿ ಮಾವನವರು ಕೈ ಮುಗಿದರು. "ಚಾರ್ಜ್ ಹ್ಯಾಂಡೋವರ್ ಮಾಡಿ ಹೋಗಿದಾನೆ, ಶಿಸ್ತಿನ ಮನುಷ್ಯ. ನಮ್ಮ ಕುಮಾರವ್ಯಾಸನೂ ಹತ್ತು ಪರ್ವಕ್ಕೆ ನಿಲ್ಲಿಸಿದ, ಮಿಕ್ಕಿದ್ದನ್ನ ತಿಮ್ಮಣ್ಣ ಕವಿ ಬರೆದ. ಬಾಣಭಟ್ಟನ ಕಾದಂಬರಿ ಮುಗಿಸಿದ್ದು ಅವನ ಮಗ." ಸ್ವಲ್ಪ ಹೊತ್ತು ಬಿಟ್ಟು, "ನೋಡು, ನಾವು ಕಾದಂಬರಿ ಕಾದಂಬರಿ ಅಂತೀವಲ್ಲ, ಆ ಹೆಸರೇ ಅರ್ಧಕ್ಕೆ ನಿಂತ ಪುಸ್ತಕದ್ದು" ಅಂದರು.

ಅರ್ಧಕ್ಕೆ ನಿಂತ ಇನ್ನೊಂದು ಪುಸ್ತಕ ಈ ಮನೆಯಲ್ಲಿದೆ. ನಮ್ಮ ಅತ್ತೆ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ವಾರಕ್ಕೆರಡು ಕಾದಂಬರಿ ತರಿಸಿ ಓದುತ್ತಿದ್ದವರು. ಗುರುತಿಗೆ ತಲೆಯಿಂದ ಹೇರ್‌ಪಿನ್ ಕಿತ್ತು ಪುಟಕ್ಕೆ ಸಿಕ್ಕಿಸುತ್ತಿದ್ದರು. ಆಗಲೂ ಮಾವನವರು "ಪುಸ್ತಕಕ್ಕೆ ತುಕ್ಕಿನ ಕಲೆ ಆಗತ್ತೆ ಕಣೆ" ಎಂದು ರೇಗುತ್ತಿದ್ದರು. ಅತ್ತೆ ಆಸ್ಪತ್ರೆಗೆ ಹೋದ ದಿನ ಓದುತ್ತಿದ್ದ ಪುಸ್ತಕ ದಿವಾನದ ಮೇಲಿತ್ತು. ಮನೆಯ ಪ್ರತಿಯೊಂದು ರಸೀದಿಗೂ ಲೆಕ್ಕ ಇಟ್ಟಿರುವ ಮನುಷ್ಯ ಆ ಒಂದು ಪುಸ್ತಕವನ್ನು ವಾಪಸ್ ಕೊಡಲೇ ಇಲ್ಲ. ಆಮೇಲೆ ಲೈಬ್ರರಿಯೇ ಮುಚ್ಚಿಹೋಯಿತು, ಆ ಜಾಗದಲ್ಲೀಗ ಮೊಬೈಲ್ ಅಂಗಡಿ. ಪುಸ್ತಕ ಅವರ ಬೀರುವಿನಲ್ಲಿದೆ. ಪಿನ್ನು ಅದೇ ಪುಟದಲ್ಲಿದೆ. ಹೌದು, ತುಕ್ಕಿನ ಕಲೆಯೂ ಆಗಿದೆ.

ಇರಲಿ. ಎಲ್ಲಿದ್ದೆ? ಛತ್ರದಲ್ಲಿ. ಅದೇ ಗೊತ್ತಾಗುತ್ತಿಲ್ಲವಲ್ಲ.

ಇಷ್ಟು ಬರೆಯುವ ಹೊತ್ತಿಗೆ ಪುಟ್ಟಿಯ ಫೋನ್ ಬಂತು. ಬ್ಯಾಂಕಿನಲ್ಲಿ ವಿಳಾಸದ ದಾಖಲೆ ಕೇಳಿದ್ದಾರಂತೆ, "ಅಮ್ಮಾ, ಈ ತಿಂಗಳ ಕರೆಂಟ್ ಬಿಲ್ ಫೋಟೋ ತೆಗೆದು ಕಳಿಸು, ಅರ್ಜೆಂಟ್." ಮಾವನವರು ಇನ್ನೂ ಬಂದಿರಲಿಲ್ಲ. ಅವರ ಫೈಲು ಮುಟ್ಟಲು ಈ ಮನೆಯಲ್ಲಿ ಯಾರಿಗೂ ಅಧಿಕಾರವಿಲ್ಲ. ಆದರೆ ಸಿಟ್ಟಿನಲ್ಲಿದ್ದೆನಲ್ಲ, ಬೀರು ತೆಗೆದು 'ವಿದ್ಯುತ್' ಎಂದು ಬರೆದಿರುವ ಫೈಲನ್ನು ಎಳೆದೆ. ದಾರ ಬಿಚ್ಚಿದೆ. ಕಟ್ಟು ಜಾರಿ ನೆಲದ ಮೇಲೆಲ್ಲ ಹರಡಿತು.

ಆ ಬಿಲ್ಲಿನ ಕಾಗದ ನಿಮಗೂ ಗೊತ್ತಿರುತ್ತದೆ, ನಾಲ್ಕು ತಿಂಗಳಿಗೆಲ್ಲ ಅಕ್ಷರ ಮಾಸಿ ಬೋಳಾಗಿಬಿಡುತ್ತದೆ. ಹಳೆಯವೆಲ್ಲ ಬರೀ ಬಿಳಿ ಪಟ್ಟಿ. ಯಾವ ತಿಂಗಳಿನದು ಎಂದು ನೋಡಲು ಒಂದನ್ನು ತಿರುಗಿಸಿದೆ. ಹಿಂಬದಿಯಲ್ಲಿ ಪೆನ್ಸಿಲ್ಲು, ಮಾವನವರ ದುಂಡು ಅಕ್ಷರ.

ಸೆಪ್ಟೆಂಬರ್. ಪುಟ 31. ಹಾಲು.

ಇನ್ನೊಂದು ತಿರುಗಿಸಿದೆ. ನವೆಂಬರ್. ಪುಟ 204. ಸಾರು (ಮೂರನೇ ಸಲ). ಪುಸ್ತಕ ತರಿಸಿ ನೋಡತಕ್ಕದ್ದು.

ಡಿಸೆಂಬರ್. ಪುಟ 96. ಟ್ಯಾಂಕ್, 25 ನಿಮಿಷ.

ಜನವರಿ. ಪುಟ 118. ಕುಕ್ಕರ್ 9 ವಿಷಲ್. ಅವರೆಕಾಳು ಕರಗಿದೆ. ಆದರೂ ರುಚಿಯಿತ್ತು.

ಫೆಬ್ರವರಿ. ಪುಟ 233. ಇಲ್ಲಿ ಅತ್ತಿದ್ದಾಳೆ. ಈರುಳ್ಳಿ ಹೆಚ್ಚುತ್ತಿರಲಿಲ್ಲ.

ಅದು ನಡೆಯಲಾಗದೆ ಬಿದ್ದ ಫ್ರೋಡೋನನ್ನು ಅವನ ಜೊತೆಗಾರ ಸ್ಯಾಮ್ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವ ಕಡೆ. ಮಧ್ಯಾಹ್ನ, ಮನೆಯಲ್ಲಿ ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದೆ.

ಏಪ್ರಿಲ್, ಕಸದ ಆಟೋ ತಪ್ಪಿದೆ. ಜೂನ್, ಗೊರಗುಂಟೆಪಾಳ್ಯ, ಆವರಣದಲ್ಲಿ 'ಅವಳೇ ಹೇಳಿದ್ದು'. ಎಲ್ಲದರ ಮೇಲೂ ಪುಟ ಸಂಖ್ಯೆ. ಒಂದು ವರ್ಷ ನಾನು ಛತ್ರ, ಕಾಡು, ಗುಹೆ ಎಂದು ತಡಕಾಡಿದ್ದೆಲ್ಲ ಈ ಬೀರುವಿನಲ್ಲಿ ಕ್ರಮವಾಗಿ ದಾರ ಪೋಣಿಸಿಕೊಂಡು ಕೂತಿತ್ತು! ಒಂದು ಮಾತು ಹೇಳಬಾರದಿತ್ತೇ ಈ ಮನುಷ್ಯ? ಕೇಳಿದ್ದರೆ ಹೇಳುತ್ತಿದ್ದರೇನೋ. ನಾನೂ ರೇಗಿದೆನೇ ಹೊರತು ಒಂದು ಸಲವೂ ಕೇಳಲಿಲ್ಲ.

ಆಗಸ್ಟ್ ಬಿಲ್ಲು ಎಲ್ಲಕ್ಕಿಂತ ಮೇಲಿನದು, ದಿವಾನದ ಕೆಳಗೆ ಹಾರಿಹೋಗಿತ್ತು. ಬಗ್ಗಿ ಎಳೆದುಕೊಂಡು ಆಸೆಯಿಂದ ತಿರುಗಿಸಿದೆ.

ಆಗಸ್ಟ್. ಪುಟ ಗುರುತು ಹಾಕಿಕೊಳ್ಳಲು ಮರೆತಿದೆ. ಮುಸುಕಿನವನು ಯಾರೆಂದು ನೋಡಲು ಕುಳಿತದ್ದರಿಂದ. ಟ್ಯಾಂಕ್, 35 ನಿಮಿಷ. (ನಾನು.)

ಗೇಟಿನ ಚಿಲಕ ಸದ್ದಾಯಿತು. ಮಾವನವರು ಮಂಕಿ ಕ್ಯಾಪ್ ತೆಗೆಯುತ್ತಾ ಒಳಗೆ ಬಂದವರು, ನೆಲದ ತುಂಬ ಹರಡಿದ್ದ ವಿದ್ಯುತ್ತನ್ನೂ ನಡುವೆ ಕೂತಿದ್ದ ನನ್ನನ್ನೂ ನೋಡಿದರು. ನಾನು ಆಗಸ್ಟನ್ನು ಎತ್ತಿ ಹಿಡಿದೆ. ಮಾವನವರು ಕ್ಯಾಪನ್ನು ನಾಲ್ಕು ಮಡಿಕೆ ಮಡಿಸಿ, ಟೀಪಾಯಿಯ ಅಂಚಿಗೆ ನೇರವಾಗಿ ಇಟ್ಟರು.

"ಎರಡನೇ ಛತ್ರದಲ್ಲಿ ನೋಡಮ್ಮಾ," ಅಂದರು. "ಮಳೆ ಬರ್ತಿರತ್ತಲ್ಲ, ಅದು."